ಒಂಬತ್ತನೇ ದಿನದ ರಕ್ತ

ಓಣಿ ತುಂಬಾ ಸಕ್ಕರಿ ಹಂಚಿ ಬಂದು ಈಗ ಕುಂತೀನಿ. ಕೈ ಇನ್ನೂ ಅಂಟಂಟು ಐತಿ, ಹಾಳಿಗೂ ಅಂಟಿದ್ರ ಅಂಟಲಿ ಬಿಡ್ರಿ. ನನ್ನ ಮೊಮ್ಮಗಳು ಸಂಗೀತಾಗ ಲ್ಯಾಬ್ ಟೆಕ್ನಿಷಿಯನ್ ನೌಕರಿ ಸಿಕ್ಕೈತಿ! ಯಾವ ಕೆಲಸದ ಬಾಗಿಲಾಗ ನಿಂತು ನಾನು ಇಪ್ಪತ್ತೆಂಟು ವರ್ಷ ಗಾಜು ತೊಳದೆನೋ, ಆ ಕೆಲಸದ ಕುರ್ಚಿ ಮ್ಯಾಲ ನನ್ನ ಮಗಳ ಮಗಳು ಬಿಳಿ ಕೋಟು ಹಾಕ್ಕೊಂಡು ಕೂಡ್ತಾಳ. ಇದಕ್ಕಿಂತ ಹೆಚ್ಚಿಂದು ಯಾವ ದೇವರು ಕೊಡ್ತಾನ ಹೇಳ್ರಿ.

ಆಕಿ ಜೋಡಿ ಕಲಿತ ನಾಕು ಹುಡುಗ್ಯಾರು ಮೊನ್ನೆ ಮನಿಗಿ ಬಂದಿದ್ರು. "ಅಜ್ಜಾ, ಮಷೀನಿಲ್ಲದ ಕಾಲದಾಗ ನೀವು ಹೆಂಗ ಮಾಡತಿದ್ರಿ? ಬರದು ಕೊಡ್ರಿ, ನಾವು ಓದ್ತೀವಿ" ಅಂದ್ರು. ನಾ ಕಲಿತದ್ದು ನಾಕನೇ ಕ್ಲಾಸು. ಕಾಗುಣಿತ ತಪ್ಪಿದ್ರ ಸಂಗೀತಾ ತಿದ್ದತಾಳ. ಆದ್ರ ವಿಷಯ ತಿದ್ದಬ್ಯಾಡವ್ವ ಅಂತ ಮೊದಲ ಹೇಳೀನಿ. ಯಾಕಂದ್ರ ಇದರಾಗ ದೊಡ್ಡ ಪಾಲು ನನ್ನ ಒಂದು ಗಲತಿದು. ಅದನ್ನ ಸಣ್ಣದು ಮಾಡಿ ಬರೆದ್ರ ನಿಮಗ ಫಾಯ್ದೆ ಇಲ್ಲ.

ನಾ ಸೇರಿದ್ದು ಸಿಂಧನೂರಿನ ಒಂದು ಸಣ್ಣ ಖಾಸಗಿ ದವಾಖಾನಿಗೆ. ಅದು ಈಗಿಲ್ಲ, ಹೆಸರು ಬರೆಯಂಗಿಲ್ಲ. ನಡೆಸತಿದ್ದ ಡಾಕ್ಟರನ್ನ ಎಲ್ಲರೂ 'ಡಾಕ್ಟರ್ ಬಾಯಿ' ಅಂತಿದ್ರು, ನಾನೂ ಹಂಗ ಅಂತೀನಿ. ಭಾಳ ಓದಿದ ಹೆಣ್ಮಗಳು. ಸಿಟ್ಟೂ ಅಷ್ಟ. ಲ್ಯಾಬು ಅಂದ್ರ ಕಟ್ಟಿಗಿ ಇಡೋ ಕೋಣಿ ಖಾಲಿ ಮಾಡಿ ಸುಣ್ಣ ಬಳದದ್ದು. ಒಂದು ಸೂಕ್ಷ್ಮದರ್ಶಕ, ಒಂದು ಸ್ಟವ್, ಎರಡು ಬೇಸಿನ್ನು. ಸೂಜಿ ಈಗಿನಂಗ ಬಿಸಾಡೂದಲ್ಲ. ಕುದಿಸೂದು, ಮೊನೆ ಮೊಂಡಾದ್ರ ಸಾಣಿಕಲ್ಲಿನ ಮ್ಯಾಲ ಮಸೆಯೂದು. ಕೂಸಿಗೆ ಚುಚ್ಚೂದಕ್ಕಿಂತ ಮೊದಲು ನನ್ನ ಅಂಗೈಗೆ ಚುಚ್ಚಿ ನೋಡ್ಕೋತಿದ್ದೆ.

ಮೊದಲನೇ ತಿಂಗಳ ಒಂದು ಮಾತು ಹೇಳ್ತೀನಿ. ಗಾಜಿನ ಪಟ್ಟಿ ಮ್ಯಾಲ ರಕ್ತ ಸವರಿ ಒಣಗಾಕ ಕಿಡಕಿ ಕಟ್ಟಿ ಮ್ಯಾಲ ಇಟ್ಟು ಚಾ ಕುಡಿಯಾಕ ಹೋದೆ. ಬಂದು ನೋಡಿದ್ರ ಪಟ್ಟಿ ಹಸನ! ರಕ್ತ ಎಲ್ಲಿ ಹೋತು? ಇರುವಿ ತಿಂದು ಹೋಗಿದ್ವು. ಡಾಕ್ಟರ್ ಬಾಯಿ ಪಟ್ಟಿ ಕೈಯಾಗ ಹಿಡಕೊಂಡು, "ಯಂಕಪ್ಪ, ಪೇಶಂಟಿಗೆ ಮಲೇರಿಯಾ ಐತೋ ಇಲ್ಲೋ ಈಗ ಇರುವಿನ್ನ ಹಿಡದು ಕೇಳಬೇಕೇನು?" ಅಂದ್ರು. ಅವತ್ತಿನಿಂದ ತಟ್ಟಿಗೆ ನೀರು ಹಾಕಿ ನಡುವ ಪಟ್ಟಿ ಇಡೂದು ಕಲಿತೆ. ಅಂಥ ತಪ್ಪು ನಗಸ್ತಾವ. ಎಲ್ಲಾ ತಪ್ಪು ನಗಸೂದಿಲ್ಲ.

ಎರಡು ವರ್ಷದಾಗ ನನಗ ಕೈ ಕುಂತಿತು. ರಕ್ತ ಎಷ್ಟೈತಿ ಅಂತ ನೋಡೋ ಒಂದು ಗಾಜಿನ ನಳಿಗಿ ಇತ್ತು. ಅದರಾಗ ಆಸಿಡ್ಡು, ಒಂದು ಹನಿ ರಕ್ತ, ಆಮ್ಯಾಲ ಹನಿ ಹನಿ ನೀರು ಹಾಕ್ಕೋತ ಬಣ್ಣ ಹೊಂದೂತನ ನೋಡೂದು. ಎಂಟು, ಒಂಬತ್ತು, ಭಾಳಂದ್ರ ಹನ್ನೆರಡು ಬರತಿತ್ತು ನಮ್ಮ ಕಡೆ ಹೆಣ್ಮಕ್ಕಳಿಗೆ. ಡಾಕ್ಟರ್ ಬಾಯಿ ಇಲ್ಲದಾಗ ಜನ ನನ್ನನ್ನ 'ಸಣ್ಣ ಡಾಕ್ಟರ್' ಅಂತಿದ್ರು. ನಾ ಬ್ಯಾಡ ಅಂತಿರಲಿಲ್ಲ.

ಆಗ ಬಂದಾಕಿ ಗಂಗವ್ವ. ಬಳಗಾನೂರಿನಾಕಿ, ಇಪ್ಪತ್ತೆರಡರ ಹುಡುಗಿ. ತನ್ನ ಅವ್ವನ ತಮ್ಮ ಅಮರಪ್ಪನ್ನ ಮದುವಿ ಆಗಿದ್ದಳು. ನಮ್ಮ ಕಡೆ ಇದು ಹೊಸಾದಲ್ಲ. ಅಕ್ಕನ ಮಗಳನ್ನ ಬಿಟ್ಟು ಹೊರಗಿಂದು ತರತೀನಿ ಅಂದ್ರ ಅಕ್ಕ ಮಾತು ಬಿಡತಿದ್ದಳು. ಹಂಗಾಗಿ ಗಂಗವ್ವನ ಅತ್ತಿ ತಿಪ್ಪವ್ವ ಅಂದ್ರ ಆಕಿ ಅವ್ವನ್ನ ಹಡದ ಅಜ್ಜಿನ. ಸಣ್ಣಾಕಿದ್ದಾಗ ಎತ್ತಿ ಆಡಿಸಿದ ಕೈನ ಮದುವಿ ಆದಮ್ಯಾಲ ಬಾಗಿಲಾಗ ನಿಂತು ಕೆಲಸ ಹೇಳತಿತ್ತು.

ಗಂಗವ್ವಗ ಎರಡು ಕೂಸು ಸತ್ತಿದ್ವು. ಎರಡೂ ಹುಟ್ಟಿದಾಗ ದುಂಡುದುಂಡಗ ಇದ್ದು, ಆರೇಳು ತಿಂಗಳಿಗೆ ಬಿಳಿಚಿಕೊಂಡು, ಹೊಟ್ಟಿ ಉಬ್ಬಿ, ವರ್ಷ ಎರಡು ವರ್ಷದಾಗ ಹೋದ್ವು. ಯಾವ ದವಾಖಾನಿಗೂ ಒಯ್ದಿರಲಿಲ್ಲ. ಒಬ್ಬರು ದೃಷ್ಟಿ ಅಂದ್ರು, ಒಬ್ಬರು ಜಾವಳ ತೆಗೆಯೂದು ತಡ ಆತು ಅಂದ್ರು. ತಿಪ್ಪವ್ವಗ ಮಾತ್ರ ಅನುಮಾನ ಇರಲಿಲ್ಲ. "ಇಕಿ ಹಾಲು ಸರಿಯಿಲ್ಲ. ಹುಟ್ಟಿದಾಗ ಬಂಗಾರದಂಗ ಇರ್ತಾವ, ಇಕಿ ಹಾಲು ಕುಡಕುಡದು ಬಿಳಿಚ್ತಾವ." ದವಾಖಾನಿ ವರಾಂಡದಾಗ, ಹತ್ತು ಮಂದಿ ಮುಂದ, ಗಂಗವ್ವ ಕೇಳೂಹಂಗ ಹೇಳತಿದ್ದಳು.

ಮೂರನೇದು ಗಂಡು. ಹೊಟ್ಟಿ ಕೊಯ್ದು ತೆಗೆದ್ರು. ರಕ್ತ ಭಾಳ ಹೋತು. ಡಾಕ್ಟರ್ ಬಾಯಿ ನನ್ನ ಮುಂದನ ಆಕಿಗಿ ಹೇಳಿದ್ರು: "ಗಂಗವ್ವ, ಇನ್ನೊಂದು ಹೆರಿಗಿ ಆದ್ರ ನೀ ಉಳಿಯಂಗಿಲ್ಲ. ಆದ್ರ ಮಕ್ಕಳಾಗದಂಗ ಆಪರೇಷನ್ ಮಾಡಿಸಾಕ ಅವಸರ ಮಾಡಬ್ಯಾಡ. ಕೂಸು ಒಂದು ವರ್ಷ ದಾಟಲಿ. ಅಲ್ಲಿತನಾ ನಿನ್ನ ಗಂಡಗ ತಿಳಿಸಿ ಹೇಳ್ತೀನಿ."

ಒಂಬತ್ತನೇ ದಿನ ಹೊಲಿಗಿ ಬಿಚ್ಚಿದ್ರು. ಡಾಕ್ಟರ್ ಬಾಯಿ ಮಧ್ಯಾಹ್ನ ಲಿಂಗಸುಗೂರಿಗೆ ಹೋಗಿದ್ರು. ಗಂಗವ್ವ ಗೋಡಿ ಹಿಡಕೊಂಡು, ಕೂಸಿನ್ನ ಸೆರಗಿನಾಗ ಕಟಗೊಂಡು ನನ್ನ ಕೋಣಿ ಬಾಗಿಲಿಗೆ ಬಂದು ನಿಂತಳು.

"ಅಣ್ಣಾ, ಇದರ ರಕ್ತ ಒಂದೀಟು ನೋಡು."

"ಬಾಯಾರು ಹೇಳ್ಯಾರೇನವ್ವ?"

ಆಕಿ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. "ಇದೂ ಹೋಗೂದಿದ್ರ ಈಗ ಹೇಳಿಬಿಡು. ನಾ ಇದರ ಮಾರಿ ನೋಡೂದು ಬಿಡ್ತೀನಿ" ಅಂದಳು.

ಆ ಮಾತಿಗೆ ನನ್ನ ಕೈ ನಿಲ್ಲಲಿಲ್ಲ. ಹಿಮ್ಮಡಿಗೆ ಚುಚ್ಚಿ ಒಂದು ಹನಿ ತಗೊಂಡೆ. ನೀರು ಹಾಕಿದೆ, ಹಾಕಿದೆ, ಬಣ್ಣ ತೆಳುವಾಗೂದ ಇಲ್ಲ. ಹದಿನೇಳು! ಜಲ್ಮದಾಗ ನಾ ಕಂಡಿರದ ಅಂಕಿ. ನನ್ನ ಕಣ್ಣಾಗ ನೀರು ಬಂತು. "ತಂಗೀ, ಅಗದೀ ಗಟ್ಟಿ ರಕ್ತ ಐತಿ. ನಿಂದೂ ನಂದೂ ಕೂಡಿಸಿದ್ರೂ ಇಷ್ಟಿಲ್ಲ. ಈ ಕೂಸು ಉಳೀತೈತಿ, ಹೋಗು" ಅಂದೆ.

ಗಂಗವ್ವ ಅಲ್ಲೇ ನೆಲದ ಮ್ಯಾಲ ಕುಂತು ಕೂಸಿನ ಮಾರಿ ನೋಡಿದಳು. ಒಂಬತ್ತು ದಿನದಾಗ ಮೊದಲನೇ ಸಲ ನೋಡಿದಂಗ ನೋಡಿದಳು. ಕೂಸಿಗೆ ಮೌನೇಶ ಅಂತ ಹೆಸರಿಟ್ರು.

ಮೂರು ತಿಂಗಳಾದಮ್ಯಾಲ ಒಂದೂರಾಗ ಆಪರೇಷನ್ ಕ್ಯಾಂಪು ಹಾಕಿದ್ರು. ಇಷ್ಟು ಮಂದಿಗೆ ಮಾಡಲೇಬೇಕು ಅಂತ ಮ್ಯಾಲಿನವರ ಹುಕುಂ ಇದ್ದ ಕಾಲ. ಒಂದ ಕೂಸಿದ್ದಾಕಿಗೆ ಮಾಡಂಗಿರಲಿಲ್ಲ. "ಎಷ್ಟು ಹಡದೀಯವ್ವ?" ಅಂತ ಕೇಳ್ಯಾರ, "ಮೂರು" ಅಂದಾಳ, ಮೂರು ಅಂತ ಬರಕೊಂಡಾರ. ಸತ್ತ ಎರಡೂ ಅವತ್ತಿನ ಮಟ್ಟಿಗೆ ಹಾಳಿ ಮ್ಯಾಲ ಬದುಕಿದ್ವು. ಗಂಗವ್ವ ಖುಷಿಯಿಂದ ಹೋಗಿ ಮಾಡಿಸಿಕೊಂಡು ಬಂದಳು. ಕೂಸು ಉಳೀತೈತಿ ಅಂತ ದವಾಖಾನ್ಯಾಗ ಹೇಳ್ಯಾರಲ್ಲ, ಇನ್ನೇನು?

ಏಳನೇ ತಿಂಗಳಿಗೆ ಮೌನೇಶ ಬಿಳಿಚಿದ.

ಅವತ್ತು ನಾನ ಪಟ್ಟಿ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗ ಇಟ್ಟೆ. ಚಲೋ ರಕ್ತದ ಕಣ ಅಂದ್ರ ಕೈ ಪಳಗಿದಾಕಿ ಬಡದ ರೊಟ್ಟಿ ಇದ್ದಂಗ, ಎಲ್ಲಾ ಒಂದ ಅಳತಿ. ಇವು ಹಂಗಿರಲಿಲ್ಲ. ಸಣ್ಣವು, ಬಣ್ಣಗೆಟ್ಟವು, ಅಂಚು ಹರದವು, ಕೆಲವಕ್ಕ ನಡುವ ಬಟ್ಟು ಒತ್ತಿದಂಗ ಚುಕ್ಕಿ. ಡಾಕ್ಟರ್ ಬಾಯಿ ಭಾಳ ಹೊತ್ತು ಕಣ್ಣು ತೆಗೀಲಿಲ್ಲ. ಆಮ್ಯಾಲ ಗಂಗವ್ವನ್ನ ಕೇಳಿದ್ರು, "ಮೊದಲಿನೆರಡೂ ಹಿಂಗ ಆಗಿದ್ವಾ?"

"ಹೌದ್ರಿ. ಆದ್ರ ಇದರ ರಕ್ತ ಗಟ್ಟಿ ಐತಿ ಅಂತ ನಿಮ್ಮಲ್ಲೇ ಹೇಳಿದ್ರಲ್ರಿ. ನೋಡೇ ಹೇಳಿದ್ರಿ. ಅದಕ್ಕ ನಾ ಆಪರೇಷನ್ ಮಾಡಿಸಿಕೊಂಡೆ."

ಡಾಕ್ಟರ್ ಬಾಯಿ ನನ್ನ ಕಡೆ ನೋಡಿದ್ರು. ನಾ ನೆಲ ನೋಡಿದೆ. ಗಂಗವ್ವನ್ನ ಹೊರಗ ಕೂಡಸಿ ಬಾಗಿಲು ಮುಂದಕ್ಕ ಮಾಡಿ ಬಂದ್ರು.

"ಯಾವಾಗ ನೋಡಿದಿ?"

"ಒಂಬತ್ತನೇ ದಿನ್ರಿ."

"ಎಷ್ಟಿತ್ತು?"

"ಹದಿನೇಳ್ರಿ."

ಇರುವಿ ತಿಂದ ಪಟ್ಟಿಗೆ ಅಷ್ಟು ಬೈದ ಹೆಣ್ಮಗಳು ಅವತ್ತು ಒಂದು ಮಾತು ಬೈಲಿಲ್ಲ. ಬೈದಿದ್ರ ಚಲೋ ಇತ್ತು. ಕುರ್ಚಿ ಮ್ಯಾಲ ಕುಂತು, "ನೀ ನೋಡಿದ್ದು ಸುಳ್ಳಲ್ಲ, ಯಂಕಪ್ಪ. ಅರ್ಥ ಮಾಡಿದ್ದು ಸುಳ್ಳು. ಅದು ಎಲ್ಲಾ ಕೂಸಿಗೂ ಇರ್ತೈತಿ. ಹೊಟ್ಟ್ಯಾಗಿನ ರಕ್ತ ಅದು" ಅಂದ್ರು.

ಹಳೇ ಎಕ್ಸ್‌ರೇ ಲಕೋಟಿ ಹಿಂದ ಚಿತ್ರ ಬರದು ತಿಳಿಸಿದ್ರು. ನಮ್ಮ ಮೈಯಾಗ ಒಂದೊಂದು ಕಣದಾಗೂ ಎರಡೆಳಿ ಹೊಸೆದ ಹಗ್ಗ ಐತಂತ, ಪುಂಡಿ ನಾರಿನ ಹಗ್ಗದಂಗ. ಮೈ ಹೆಂಗ ಕಟ್ಟಬೇಕು, ರಕ್ತ ಹೆಂಗ ಮಾಡಬೇಕು ಅನ್ನೂದೆಲ್ಲ ಆ ಹಗ್ಗದ ಮ್ಯಾಲ ಬರದಿರ್ತೈತಂತ. "ಒಂದೆಳಿ ಅವ್ವಂದು, ಒಂದೆಳಿ ಅಪ್ಪಂದೇನ್ರಿ?" ಅಂದೆ. "ಅಲ್ಲೋ. ಅವ್ವಂದೂ ಎರಡೆಳಿದೊಂದು ಹಗ್ಗ, ಅಪ್ಪಂದೂ ಎರಡೆಳಿದೊಂದು ಹಗ್ಗ. ಒಂದರಾಗ ತಪ್ಪಿದ್ರ ಇನ್ನೊಂದು ನಡಸ್ತೈತಿ. ಎರಡರಾಗೂ ಅದ ಜಾಗಾದಾಗ ತಪ್ಪು ಬಂದ್ರ ಈ ಹುಡುಗನಂಗ. ಗಂಡ ಹೆಂಡತಿ ಇಬ್ಬರದೂ ಒಂದ ಮನಿ ಹಗ್ಗ ನೋಡು" ಅಂದ್ರು.

"ಹಂಗಾರ ಹುಟ್ಟಿದಾಗ ಯಾಕ ಚಲೋ ಇದ್ದನ್ರಿ?"

ಅದಕ್ಕ ಡಾಕ್ಟರ್ ಬಾಯಿ ನಮ್ಮ ಕಾಲುವಿ ತೋರಿಸಿದ್ರು. ಕೂಸು ಹೊಟ್ಟ್ಯಾಗಿದ್ದಾಗ ಒಂದು ತೂಬಿನಿಂದ ನೀರು. ಹುಟ್ಟಿದಮ್ಯಾಲ ಮೈ ತಾನ ಆ ತೂಬಿನ ಗೇಟು ಮುಚ್ಚಿ ಇನ್ನೊಂದರ ಗೇಟು ತೆಗೀತೈತಿ. ನಾಕಾರು ತಿಂಗಳು ಹಿಡೀತೈತಿ ಬದಲಾಗಾಕ. ಮೌನೇಶಗ ಆ ಎರಡನೇ ಕಾಲುವಿನ ಒಡದೈತಿ, ನೀರ ಬರಂಗಿಲ್ಲ. ಮೊದಲನೇದರಾಗ ನೀರೈತಿ, ಗೇಟು ಮುಚ್ಚೈತಿ.

"ಆ ಮೊದಲಿನ ರಕ್ತದ ಬರಹ ಅಳಿಸಿರಂಗಿಲ್ಲ, ಯಂಕಪ್ಪ. ಹಗ್ಗದ ಆ ಭಾಗಾನ ಬಿಗಿಯಾಗಿ ಸುತ್ತಿ ಓದಾಕ ಬರದಂಗ ಕಟ್ಟಿಟ್ಟಿರ್ತೈತಿ, ಅಷ್ಟ."

"ಹಂಗಾರ ಕಟ್ಟು ಬಿಚ್ಚಿದ್ರ ಆತಲ್ರಿ? ಮೊದಲಿನ ಗೇಟು ತೆಗೆದ್ರ?"

ಅವರು ನನ್ನ ಮಾರಿ ನೋಡಿದ್ರು. "ಲೋಕದ ದೊಡ್ಡ ದೊಡ್ಡ ಡಾಕ್ಟರು ಅದನ್ನ ಹುಡುಕಾಕತ್ಯಾರ. ಆ ಗೇಟಿನ ಚಾವಿ ಇನ್ನೂ ಯಾರ ಕೈಯಾಗೂ ಇಲ್ಲ."

"ಗಂಗವ್ವಗ ಏನು ಹೇಳ್ಲಿರಿ?"

"ನಿನ್ನ ಗಲತಿ ನಾ ಹೇಳಂಗಿಲ್ಲ. ನೀ ಹೇಳಬೇಕು."

ನಾ ಹೇಳಲಿಲ್ಲ. ಗಂಗವ್ವ ಮಾತ್ರ ನಾ ಹೇಳಿದ ಅಂಕಿನ್ನ ಮುಂದ ಡಾಕ್ಟರ್ ಬಾಯಿನೂ ನೋಡಿ ಹೌದು ಅಂದಾರ, ದವಾಖಾನಿ ಸರಿಯಾಗೇ ನೋಡಿತ್ತು, ತನ್ನ ಹಣೇಬರಾನ ಆಮ್ಯಾಲ ಕೆಟ್ಟಿತು ಅಂತ ತಿಳಕೊಂಡಳು. ನಾ ಹಂಗ ತಿಳಕೊಳ್ಳಾಕ ಬಿಟ್ಟೆ.

ಬ್ಯಾರೆ ಔಷಧ ಇರಲಿಲ್ಲ. ಮೂರು ನಾಕು ವಾರಕ್ಕೊಮ್ಮೆ ರಕ್ತ ಏರಿಸೂದು, ಅಷ್ಟ. ಮೌನೇಶನ ಗುಂಪು ಬಿ ನೆಗೆಟಿವ್. ಅಪ್ಪಂದು ಅವ್ವಂದು ಹೊಂದಲಿಲ್ಲ. ನಮ್ಮೂರಾಗ ರಕ್ತ ಕೂಡಿಸಿ ಇಡೋ ಜಾಗ ಇರಲಿಲ್ಲ. ಕೊಡಾವನ್ನ ಹಿಡಕೊಂಡು ಬರಬೇಕು, ಮಲಗಿಸಬೇಕು, ಗಾಜಿನ ಬಾಟ್ಲಿಗೆ ತಗೀಬೇಕು, ಹೊಂದ್ತೈತೋ ಇಲ್ಲೋ ನೋಡಿ ಹುಡುಗಗ ಹಾಕಬೇಕು.

ನಾ ಹುಡುಕಾಕ ಹತ್ತಿದೆ. ಅಕ್ಕಿ ಗಿರಣಿ ಹಮಾಲರ ಬಟ್ಟು ಚುಚ್ಚಿದೆ, ಬಸ್‌ಸ್ಟ್ಯಾಂಡಿನಾಗ ಚುಚ್ಚಿದೆ, ನನ್ನ ಬೀಗರಿಗೂ ಚುಚ್ಚಿದೆ. ಒಂದು ವರ್ಷದಾಗ ಒಂಬತ್ತು ಮಂದಿ ಸಿಕ್ಕರು. ಮಸ್ಕಿಯೊಳಗ ಹೂ ಮಾರೋ ಹೆಣ್ಮಗಳು, ಲಿಂಗಸುಗೂರಿನಾಗ ಒಬ್ಬ ಸಾಲಿ ಮಾಸ್ತರ್, ಸಿಂಧನೂರಿನಾಗ ಹಮಾಲ ಖಾಜಾಸಾಬ, ಹಿಂಗ. ಫೋನು ಎಲ್ಲಿಂದು? ಬೆಳಿಗ್ಗೆ ಬಸ್ಸಿನ ಕಂಡಕ್ಟರ್ ಕೈಯಾಗ ಚೀಟಿ ಕೊಡತಿದ್ದೆ: 'ಮಾಸ್ತರ್ರ, ಈ ಸಲ ನಿಮ್ಮ ಪಾಳಿ.' ಮಾಸ್ತರ್ ಮಧ್ಯಾಹ್ನದ ಬಸ್ಸಿಗೆ ಬಂದಿಳೀತಿದ್ರು. ಒಂದು ಸಲಾನೂ ತಪ್ಪಿಸಲಿಲ್ಲ ಆ ಮನಷ್ಯಾ.

ಖಾಜಾಸಾಬ ಎರಡು ಚೀಲ ಒಮ್ಮೆ ಎತ್ತೋ ಆಳು, ಸೂಜಿ ಕಂಡ್ರ ಮಾತ್ರ ಕಣ್ಣು ಮುಚ್ಚಾವ. "ಲೇ ಯಂಕ್ಯಾ, ಇದು ಸೂಜಿ ಏನೋ, ಚೀಲ ಹೊಲಿಯೋ ದಬ್ಬಣ ಏನೋ? ನಮ್ಮಾಕಿಗಿ ಗೊತ್ತಾದ್ರ ನನ್ನ ಮನಿ ಬಿಡಸ್ತಾಳ" ಅಂತ ಬೈತಿದ್ದ. ಮೌನೇಶ ಮಗ್ಗಲದ ಮಂಚದ ಮ್ಯಾಲಿಂದ, "ಕಾಕಾ, ನಿನ್ನ ರಕ್ತ ಹಾಕಿದ್ರ ನಾನೂ ಚೀಲ ಹೊರ್ತೀನೇನು?" ಅಂತ ಕೇಳತಿದ್ದ. "ಹೊರಬ್ಯಾಡಪಾ. ನೀ ಲೆಕ್ಕ ಬರಕೊಳ್ಳಾವ ಆಗು, ನಾ ಹೊರ್ತೀನಿ. ಒಂದು ಚೀಲ ಹೆಚ್ಚು ಬರಕೋ, ಸಾಕು."

ರಕ್ತ ಏರಿದ ಮರುದಿನ ಹುಡುಗ ದವಾಖಾನಿ ತುಂಬಾ ಓಡಾಡತಿದ್ದ. ನನ್ನನ್ನ 'ರಕ್ತದ ಮಾಮಾ' ಅಂತಿದ್ದ. ಗಂಗವ್ವ ನಾಗರಪಂಚಮಿಗೊಮ್ಮೆ ಬಳಗಾನೂರಿನಿಂದ ನನಗ ಉಂಡಿ ತರತಿದ್ದಳು. "ಒಡಹುಟ್ಟಿದಾವನೂ ಇಷ್ಟು ಮಾಡಂಗಿಲ್ಲ" ಅಂತಿದ್ದಳು. ಖರೇ ಮಾತು ಎಷ್ಟು ಸಲ ಬಾಯಿ ತನಕ ಬಂತು. ಹೇಳಿದ್ರ ಇಲ್ಲಿಗೆ ಬರೂದು ಬಿಟ್ಟಾಳು, ಹುಡುಗಗ ರಕ್ತ ತಪ್ಪೀತು ಅಂತ ನನಗ ನಾನ ನೆವ ಹೇಳ್ಕೊಂಡೆ. ಅದು ಅರ್ಧ ಖರೇ, ಅರ್ಧ ಅಂಜಿಕಿ.

ತೊಂಬತ್ತರ ಸುಮಾರಿಗೆ ಡಾಕ್ಟರ್ ಬಾಯಿ ಒಂದು ಉಪ್ಪುನೀರಿನ ಪರೀಕ್ಷಿ ಕಲಿತು ಬಂದ್ರು. ಸಪ್ಪಗಿನ ಉಪ್ಪುನೀರಿನ ನಳಿಗಿಯೊಳಗ ಒಂದು ಹನಿ ರಕ್ತ ಬಿಟ್ಟು, ಅರ್ಧ ತಾಸು ತಡದು, ಹಿಂದ ಕರೇ ಗೀಟು ಎಳದ ಬಿಳಿ ಹಾಳಿ ಹಿಡಿಯೂದು. ಗೀಟು ಸ್ವಚ್ಛ ಕಂಡ್ರ ಹಗ್ಗ ಚಲೋ ಅಂತ ತಿಳೀಬಹುದು. ಗೀಟು ಕಾಣದಿದ್ರ ಒಂದು ಹಗ್ಗದಾಗ ತಪ್ಪಿರಬಹುದು, ಮುಂದ ದೊಡ್ಡ ಪರೀಕ್ಷಿ ಮಾಡಿಸಬೇಕು. ನಾಕನೇ ಕ್ಲಾಸಿನಾವಗೂ ಬರೋ ಪರೀಕ್ಷಿ ನೋಡ್ರಿ, ಎಷ್ಟು ಚಂದ!

ಮೌನೇಶನ ಮನಿ ಮಂದಿನ್ನೆಲ್ಲ ಕರಸಿದ್ರು. ಗಂಗವ್ವನ ಗೀಟು ಕಾಣಲಿಲ್ಲ. ಅಮರಪ್ಪಂದು ಕಾಣಲಿಲ್ಲ. ಕಡೀಕ ತಿಪ್ಪವ್ವನ ನಳಿಗಿ ಎತ್ತಿ ಹಿಡದೆ. ಬರೇ ಮಂಜು.

"ಏನು ಕಾಣ್ತೈತೋ?" ಅಂದಳು ಮುದುಕಿ.

ಡಾಕ್ಟರ್ ಬಾಯಿ ಮೆತ್ತಗ ತಿಳಿಸಿದ್ರು. ನಿನಗೇನೂ ರೋಗಿಲ್ಲ, ಆದ್ರ ನಿನ್ನ ಹಗ್ಗ ಮಗಳಿಗೂ ಹೋಗಿರಬೇಕು, ಮಗನಿಗೂ ಹೋಗೈತಿ, ಮಗಳ ಮಗಳು ಗಂಗವ್ವಗ ಬಂದೈತಿ, ಎರಡು ಕೂಡಿ ಈ ಹುಡುಗಗ ಬಂದೈತಿ ಅಂದ್ರು.

"ನನಗೇನಾಗೈತ್ರಿ? ಎಂಟು ಹಡದೀನಿ. ಇವತ್ತಿಗೂ ಸಸಿ ಹಚ್ಚತೀನಿ" ಅಂದಳು ತಿಪ್ಪವ್ವ. ಮುದುಕಿ ಗಂಗವ್ವನ ಕಡೆ ಒಮ್ಮೆ ನೋಡಿ ಮಾರಿ ತಿರುವಿದಳು.

ಅವತ್ತಿನಿಂದ ಹಾಲಿನ ಮಾತು ಆಕಿ ಬಾಯಾಗ ಬರಲಿಲ್ಲ. ಆದ್ರ ಮೌನೇಶನ್ನ ಮುಟ್ಟೂದನೂ ಬಿಟ್ಟಳು. ಹುಡುಗ ತೊಡಿ ಏರಾಕ ಬಂದ್ರ ಸರದು ಕೂಡತಿದ್ದಳು. "ನನ್ನಿಂದ ಬಂದೈತಂತ, ಇನ್ನೂ ಹತ್ತೀತು" ಅಂತಿದ್ದಳು. ಮುಟ್ಟಿದ್ರ ಹತ್ತೂದಲ್ಲ ಅಂತ ಡಾಕ್ಟರ್ ಬಾಯಿ ಎರಡು ಸಲ ಬಳಗಾನೂರಿಗೆ ಹೋಗಿ ಹೇಳಿದ್ರು. ಕೇಳಲಿಲ್ಲ. ಒಂದು ಖರೇ ಮಾತು ಹೇಳಿದ್ರಿಂದ ಮನ್ಯಾಗ ಒಂದು ಸುಳ್ಳು ಹೋಗಿ ಇನ್ನೊಂದು ಸುಳ್ಳು ಹೊಕ್ಕಿತು. ವರದಿ ಕೈಯಾಗ ಕೊಟ್ಟು ಕಳಸೂದಲ್ಲ ಹುಡುಗ್ಯಾರ, ಅದನ್ನ ಮನಿಗೊಯ್ದು ಏನು ಮಾಡ್ಕೋತಾರ ಅದನ್ನೂ ಕೇಳ್ರಿ.

ಮುಂದಿನದು ಬರೆಯಾಕ ಕೈ ಬರವಲ್ದು, ಆದ್ರೂ ಬರೀತೀನಿ.

ಬದುಕಸೋ ರಕ್ತನ ಹುಡುಗನ್ನ ತಿನ್ನಾಕ ಹತ್ತಿತು. ರಕ್ತದಾಗ ಕಬ್ಬಿಣದ ಅಂಶ ಇರ್ತೈತಿ. ಬಾಟ್ಲಿ ಮ್ಯಾಲ ಬಾಟ್ಲಿ ಏರಿಸಿದ್ದಕ್ಕ ಅದು ಮೈಯಾಗ ಉಳಕೊಂಡು ಎದಿ, ಲಿವರ್ ಎಲ್ಲಾ ಕೆಡಸ್ತು. ಅದನ್ನ ತೆಗೆಯೋ ಔಷಧ ದೂರದ ಪಟ್ಟಣದಾಗಿತ್ತು, ನಮ್ಮ ಕೈಗೆಟುಕಲಿಲ್ಲ. ಹತ್ತು ವರ್ಷದ ಹುಡುಗ ಆರು ವರ್ಷದಾವನಂಗ ಕಾಣತಿದ್ದ. ಮೈ ಬೂದಿ ಬಣ್ಣ ಆಗಿತ್ತು.

ಅದ ಹೊತ್ತಿಗೆ ಏಡ್ಸ್ ಬಂತು. ಸಣ್ಣ ದವಾಖಾನ್ಯಾಗ ಹಂಗ ನೇರ ರಕ್ತ ತಗದು ಹಾಕಂಗಿಲ್ಲ, ಪರೀಕ್ಷಿ ಮಾಡಿದ ರಕ್ತನ ಹಾಕಬೇಕು ಅಂತ ಕಾನೂನಾತು. ಕಾನೂನು ಸರಿ. ಅದನ್ನ ಬೈಬ್ಯಾಡ್ರಿ. ನಾವು ಅಷ್ಟು ವರ್ಷ ಏನು ನೋಡಿ ಹಾಕಿದ್ವಿ? ಗುಂಪು ನೋಡಿದ್ವಿ, ದೇವರ ಮ್ಯಾಲ ಭಾರ ಹಾಕಿದ್ವಿ. ಆದ್ರ ನನ್ನ ಒಂಬತ್ತು ಮಂದಿ ಒಂದ ದಿನಕ್ಕ ನಿರುಪಯೋಗ ಆದ್ರು. ಗಂಗವ್ವ ಮಗನ್ನ ಎತ್ತಿಕೊಂಡು ರಾಯಚೂರಿಗೆ ಬಸ್ಸಿಗೆ ಹೋಗಬೇಕಾತು. ಅಲ್ಲಿ ಆ ಗುಂಪು ಒಂದು ಸಲ ಇದ್ರ ಎರಡು ಸಲ ಇರತಿರಲಿಲ್ಲ.

ಒಂದು ದಿನ ಬೆಳಿಗ್ಗೆ ನಾನೂ ಅವರ ಜೋಡಿ ಬಸ್ಸು ಹತ್ತಿದೆ. ಹುಡುಗಗ ದಮ್ಮು ಹತ್ತಿತ್ತು. ಗಂಗವ್ವ ಕಿಡಕಿ ಮಗ್ಗಲಕ್ಕ, ಹುಡುಗ ಆಕಿ ತೊಡಿ ಮ್ಯಾಲ, ನಾ ಹಿಂದಿನ ಸೀಟಿನಾಗ. ಎರಡೂ ಕಡೆ ನೆಲ್ಲಿನ ಗದ್ದಿ ಹಸರ. ಜವಳಗೇರಾ ಇನ್ನೇನು ಬಂತು ಅನ್ನೂದರಾಗ ಗಂಗವ್ವ ಹಿಂದ ತಿರುಗಿ ನೋಡಿದಳು. ಸೆರಗು ಹುಡುಗನ ಮಾರಿ ಮ್ಯಾಲ ಎಳದಿದ್ದಳು.

"ಅಣ್ಣಾ, ಇಲ್ಲೇ ಇಳಿಯೋಣು."

"ಯಾಕವ್ವ? ಇನ್ನೂ ಮಾನವಿ ಬರಬೇಕು."

"ಇಳಿಯೋಣು."

ಆಕಿ ದನಿ ನಡುಗಲಿಲ್ಲ. ಬಸ್ಸಿನಾಗ ಗೊತ್ತಾದ್ರ ಗದ್ದಲ ಆಗ್ತೈತಿ, ಎಲ್ಲರೂ ಮುಟ್ಟಾಕ ನೋಡಾಕ ಬರ್ತಾರ ಅಂತ ಆಕಿ ಹಲ್ಲು ಕಚ್ಚಿ ಹಿಡದಿದ್ದಳು. ಕಂಡಕ್ಟರ್, "ಹುಡುಗ ಮಲಗ್ಯಾನೇನವ್ವ? ಸಾವಕಾಶ ಇಳಿ" ಅಂದ. ಬಸ್ಸು ಹೋಗಿ ಧೂಳು ಇಳಿಯೂತನ ನಿಂತಳು. ಆಮ್ಯಾಲ ರಸ್ತಾದ ಮ್ಯಾಲ ಕುಂತು ಬಾಯಿ ತೆರದಳು. ಆ ದನಿ ನಾ ಬರೆಯಂಗಿಲ್ಲ.

ನೆಲ್ಲು ಇಳಿಸಿ ಖಾಲಿ ಹೊಂಟಿದ್ದ ಟ್ರ್ಯಾಕ್ಟರಿನಾಗ ವಾಪಸ್ ಬಂದ್ವಿ. ಮೌನೇಶಗ ಹನ್ನೊಂದು ವರ್ಷ. ಖಾಜಾಸಾಬ ಬಳಗಾನೂರಿನತನಾ ಬಂದು ಮಣ್ಣು ಕೊಟ್ಟ. "ನನ್ನ ರಕ್ತ ಎಷ್ಟು ಬಾಟ್ಲಿ ಈ ಮಣ್ಣಿಗೆ ಹೋತೋ ಯಂಕ್ಯಾ" ಅಂತ ಅತ್ತ. ತಿಪ್ಪವ್ವ ಅವತ್ತು ಹುಡುಗನ್ನ ಮುಟ್ಟಿದಳು. ಅದ ಕಡೀದು, ಮುಂದಿನ ಸುಗ್ಗಿ ಆಕಿ ಕಾಣಲಿಲ್ಲ.

ಡಾಕ್ಟರ್ ಬಾಯಿ ದವಾಖಾನಿ ಮುಚ್ಚಿ ಮಗನ ಊರಿಗೆ ಹೋದ್ರು. ನಾ ಬ್ಯಾರೆ ಲ್ಯಾಬುಗಳಾಗ ಮಷೀನು ಒರೆಸಿಕೋತ ನೌಕರಿ ಮುಗಿಸಿದೆ. ಗಂಗವ್ವ ಪಂಚಮಿಗೆ ಉಂಡಿ ಕಳಿಸೂದು ಬಿಡಲಿಲ್ಲ. ನಾ ಬಾಯಿ ಬಿಡಲಿಲ್ಲ.

ಹೋದ ತಿಂಗಳು ಸಂಗೀತಾ ಓದಕೋತ ಕುಂತಿದ್ದಳು. "ಅಜ್ಜಾ, ಕೂಸು ಹುಟ್ಟಿದಮ್ಯಾಲ ಹೊಟ್ಟ್ಯಾಗಿನ ರಕ್ತ ಬಂದ್ ಆಗ್ತೈತಲ್ಲ, ಅದನ್ನ ಮತ್ತ ಚಾಲೂ ಮಾಡೂದು ಈಗ ಗೊತ್ತಾಗೈತಿ" ಅಂದಳು. ನಾ ಎದ್ದು ನಿಂತೆ. "ಗೇಟು ತಗದ್ರಾ?" ಆಕಿಗಿ ತಿಳೀಲಿಲ್ಲ. ನಾ ತೂಬು, ಹಗ್ಗ ಎಲ್ಲಾ ಹೇಳಿದೆ. "ಹೌದಜ್ಜಾ, ಹಂಗ! ಬರಹ ಮುಟ್ಟದಂಗ ಸುತ್ತಿದ ಕಟ್ಟು ಸಡಿಲ ಮಾಡೋ ಔಷಧ ಹುಡುಕಾಕತ್ಯಾರ. ಇನ್ನೊಂದು, ಎಲುವಿನೊಳಗಿನ ಕಣ ಹೊರಗ ತಗದು, ಗೇಟು ಮುಚ್ಚೋ ಕೀಲಾನ ಕೆಡಸಿ ವಾಪಸ್ ಹಾಕ್ತಾರ. ಕೆಲವರಿಗೆ ರಕ್ತ ಏರಿಸೂದನ ನಿಂತೈತಂತ. ಎಲ್ಲರಿಗೂ ಇನ್ನೂ ಸಿಗಂಗಿಲ್ಲ, ಭಾಳ ದುಬಾರಿ" ಅಂದಳು.

ನಾ ನಕ್ಕೆನೋ ಅತ್ತೆನೋ ನನಗ ತಿಳೀದು. ನನ್ನ ಗಲತಿ ಆದ ರಕ್ತನ ಈಗ ಔಷಧ ಆಗೈತಿ! ನಾ ಹದಿನೇಳು ಅಂತ ಓದಿದ್ದು ಖರೇನ ಅಲ್ಲಿತ್ತು. ಮರುದಿನ ಬೆಳಿಗ್ಗೆ ಸಂಗೀತಾನ್ನ ಕರಕೊಂಡು ಬಳಗಾನೂರಿನ ಬಸ್ಸು ಹತ್ತಿದೆ.

ಗಂಗವ್ವನ ತಲಿ ಬೆಳ್ಳಗಾಗೈತಿ. ಅಮರಪ್ಪ ಇಲ್ಲ. ತಮ್ಮನ ಮನ್ಯಾಗ ಇರ್ತಾಳ. ಮನಿ ಮಂದಿ ಗಡಬಡಿಯೊಳಗಿದ್ರು. ತಮ್ಮನ ಮೊಮ್ಮಗಳು ಲಕ್ಷ್ಮೀನ್ನ ಆಕಿ ಸೋದರಮಾವಗ ಕೊಡೋ ಮಾತು ನಡದಿತ್ತು. ಗಂಗವ್ವ ನನಗ ಕಟ್ಟಿ ಮ್ಯಾಲ ಕೌದಿ ಹಾಸಿದಳು. ನಾ ಕುಂತವನ ಹೇಳಿಬಿಟ್ಟೆ. ಡಾಕ್ಟರ್ ಬಾಯಿಗೆ ಗೊತ್ತಿರಲಿಲ್ಲ, ನಾನ ನೋಡಿದ್ದು, ನೋಡಬಾರದ ದಿನ ನೋಡಿದ್ದು, ಆ ಮಾತಿನ ಮ್ಯಾಲ ನೀ ಆಪರೇಷನ್ ಮಾಡಿಸಿಕೊಂಡಿ ಅಂದೆ. ಆಮ್ಯಾಲ ಗೇಟಿನ ವಿಷಯ ಹೇಳಿದೆ.

ಗಂಗವ್ವ ಕೌದಿ ಅಂಚು ಸರಿ ಮಾಡಿದಳು.

"ಹಂಗಾರ ಒಳ್ಳೆ ರಕ್ತ ಅವನ ಮೈಯಾಗ ಇತ್ತಾ? ಸಾಯೂತನಾ?"

"ಇತ್ತವ್ವ. ಮುಚ್ಚಿತ್ತು."

"ನನ್ನ ಹೊಟ್ಟ್ಯಾಗಿಂದ ತಂದಿದ್ನಾ ಅದನ್ನ?"

"ಹೌದು."

"ನೀ ಮೊದಲ ಹೇಳಬೇಕಿತ್ತು" ಅಂದಳು. ಅದು ಕ್ಷಮಾ ಅಲ್ಲ. ನಾ ತಲಿ ಬಗ್ಗಿಸಿದೆ. ಆಮ್ಯಾಲ ನೆಲ ನೋಡಿಕೋತ, "ಮೂರು ಹಡದೀನಿ ಅಣ್ಣಾ. ಆ ಆರು ತಿಂಗಳು ಅಷ್ಟ ನಾ ಅಂಜದಂಗ ಹಾಲು ಕುಡಿಸಿದ್ದು. ಸುಳ್ಳರ ಆಗಲಿ, ಅದೊಂದು ನಂದು. ಅದನ್ನ ನಿನಗ ವಾಪಸ್ ಕೊಡಂಗಿಲ್ಲ" ಅಂದಳು.

ಒಳಗ ಬಳೆಗಾರ ಬರೋ ಮಾತು ನಡದಿತ್ತು. ಗಂಗವ್ವ ಆ ಕಡೆ ಕಿವಿಗೊಟ್ಟು, ಸಂಗೀತಾನ ಕಡೆ ತಿರುಗಿದಳು. "ಯವ್ವಾ, ಮದುವಿಗಿಂತ ಮೊದಲ ಗೊತ್ತಾಗ್ತೈತೇನು?"

"ಗೊತ್ತಾಗ್ತೈತಮ್ಮಾ. ಹುಡುಗ ಹುಡುಗಿ ಇಬ್ಬರದೂ ನೋಡಬೇಕು. ಸೂಜಿ ನಳಿಗಿ ನನ್ನ ಚೀಲದಾಗ ಅದಾವ, ರಕ್ತ ತಗದು ದೊಡ್ಡ ಲ್ಯಾಬಿಗೆ ನಾನ ಒಯ್ತೀನಿ."

"ಲಕ್ಷ್ಮೀ, ಹೊರಗ ಬಾ. ನಿನ್ನ ಮಾವನ್ನೂ ಕರಿ."

ಹುಡುಗಿ ಬಾಗಿಲಾಗ ಬಂದು ನಿಂತಳು. ಹಿಂದ ಆಕಿ ಅವ್ವ, "ಶುಭ ಕಾರ್ಯದಾಗ ಸೂಜಿ ಎಂಥಾದ್ದು ಅತ್ತಿ? ಹುಡುಗಿ ಅಂಜ್ತಾಳ" ಅಂದಳು. ಗಂಗವ್ವ ಸೆರಗು ಪಕ್ಕಕ್ಕ ಸರಿಸಿ, ತೋಳು ತನ್ನ ಮೊಣಕಾಲ ಮ್ಯಾಲ ಚಾಚಿ, ಸಂಗೀತಾಗ ಅಂದಳು:

"ಮೊದಲು ನಂದು ತಗೀ. ಆಕಿ ನೋಡಲಿ."